ಹಿಮಾಲಯ ಚಾರಣ ಮತ್ತು ಹವಾಮಾನ ಮುನ್ಸೂಚನೆ

2024ರ ಜೂನ್ 3ರಂದು ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ತೆರಳಿದ್ದ 22 ಮಂದಿಯ ತಂಡವು ಹಿಮಗಾಳಿಗೆ ಸಿಲುಕಿ, 9 ಮಂದಿ ಮೃತಪಟ್ಟರು. ತಂಡದಲ್ಲಿ 18 ಮಂದಿ ಕರ್ನಾಟಕದವರಿದ್ದರು. ಪರಿಹಾರ ಕಾರ್ಯದ ಉಸ್ತುವಾರಿಗೆ ಕಂದಾಯ ಸಚಿವ ಕೃಷ್ಣ ಬೈರೇಗೌಡ ಅವರು ಡೆಹ್ರಾಡೂನ್‌ಗೆ ತೆರಳಿದರು. ಉಳಿದ 13 ಮಂದಿಯನ್ನು ರಕ್ಷಿಸಲಾಯಿತು.

ಬಯಲುನಾಡಿಗೆ ಅದು ಬೇಸಿಗೆಯ ಕೊನೆ. 4,000 ಮೀಟರ್ ಮೇಲಿನ ಏರುದಿಣ್ಣೆಗಳಿಗಲ್ಲ. ಎತ್ತರವು ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣತೆಯು ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಕಣಿವೆಯ ಪಟ್ಟಣದಲ್ಲಿ 28 ಡಿಗ್ರಿ ಇದ್ದರೆ ಅದಕ್ಕಿಂತ ಮೂರು ಸಾವಿರ ಮೀಟರ್ ಎತ್ತರದಲ್ಲಿ ಸುಮಾರು 8 ಡಿಗ್ರಿ ಮಾತ್ರ. ಗಾಳಿ ಮತ್ತು ಒದ್ದೆ ಬಟ್ಟೆ ಸೇರಿದಾಗ ಅಷ್ಟು ಚಳಿಯೂ ಪ್ರಾಣಾಂತಿಕ.

ಜಿಲ್ಲಾವಾರು ಮುನ್ಸೂಚನೆಯು ತಪ್ಪೆಂದು ಇದರ ಅರ್ಥವಲ್ಲ. ಅದು ವಿಶಾಲ ಪ್ರದೇಶದ ಮಾತು. ಒಂದು ದಿಣ್ಣೆಯ ಮಾತಲ್ಲ. ಕಲ್ಯಾಣಪುರದಲ್ಲಿ ಬಿಸಿಲಿರುವಾಗಲೂ ಘಟ್ಟದ ಮಳೆಗೆ ಸುವರ್ಣಾ ನದಿ ಏರಬಲ್ಲದೆಂದು ತಿಳಿದ ಕರಾವಳಿಗರಿಗೆ ಈ ಅಂತರ ಹೊಸದೇನಲ್ಲ.

ಚಳಿಗಾಲದಲ್ಲಿ ಹಿಮಾಲಯಕ್ಕೆ ಹಿಮ ತರುವ ಪಶ್ಚಿಮದ ವಾಯುಕ್ಷೋಭೆಗಳನ್ನು ಭಾರತೀಯ ಹವಾಮಾನ ಇಲಾಖೆಯು ಕೆಲವು ದಿನ ಮೊದಲೇ ಗುರುತಿಸುತ್ತದೆ. ಆದರೆ ಯಾವ ಇಳಿಜಾರಿನಲ್ಲಿ ಎಷ್ಟು ಹಿಮ, ಯಾವ ಗಂಟೆಗೆ ಎಂಬುದು ಗಾಳಿಯ ದಿಕ್ಕು ಹಾಗೂ ಬೆಟ್ಟದ ಒಡ್ಡನ್ನು ಅವಲಂಬಿಸಿದೆ. ಬೇಸಿಗೆಯ ಅಪರಾಹ್ನದ ಮೋಡಗಳಂತೂ ಕೆಲವೇ ಗಂಟೆಗಳಲ್ಲಿ ಬೆಳೆಯುತ್ತವೆ. ಆದುದರಿಂದ ಕೇದಾರಕಂಠ ಚಾರಣಕ್ಕಾಗಲಿ ಔಲಿಯ ಸ್ಕೀಯಿಂಗ್‌ಗಾಗಲಿ ಹೊರಡುವವರು ಮುಂಜಾನೆಯ ಮುನ್ಸೂಚನೆಯ ಜೊತೆಗೆ, ಮಧ್ಯಾಹ್ನದೊಳಗೆ ಎಲ್ಲಿಂದ ಹಿಂದಿರುಗಬೇಕೆಂಬುದನ್ನೂ ನಿಗದಿಪಡಿಸಿಕೊಳ್ಳುವುದು ಅವಶ್ಯ.