ಕೇರೆಯ ಮೇಲೆ ನಾಯಿ ಛೂ ಬಿಡುವ ಮುನ್ನ



ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಭತ್ತ, ಮೆಕ್ಕೆಜೋಳ ಬೆಳೆಯುವವರ ಮನೆಯಲ್ಲಿ ನಾಯಿಯೂ ಉಂಟು, ಬೆಕ್ಕೂ ಉಂಟು. ಕರೆಯದೆ ಬರುವ ಮೂರನೆಯ ಜೀವ ಕೇರೆಹಾವು. ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಕೇರೆ. ಅದನ್ನು ಕಂಡೊಡನೆ ದೊಣ್ಣೆ ಹುಡುಕುವುದು, ಇಲ್ಲವೇ ನಾಯಿಯನ್ನು ಛೂ ಬಿಡುವುದು ನಮ್ಮಲ್ಲಿ ವಾಡಿಕೆ. ಈ ವಾಡಿಕೆಯಿಂದ ನಷ್ಟ ನಮಗೇ.

ಕೇರೆಗೆ ವಿಷವಿಲ್ಲ. ಎರಡು ಮೀಟರಿಗೂ ಮೀರಿ ಬೆಳೆಯುವ ಈ ಹಾವಿಗೆ ಇಲಿ, ಕಪ್ಪೆಗಳೇ ಆಹಾರ. ಬೆಕ್ಕಿಗೆ ಬಿಲದೊಳಗೆ ಇಳಿಯಲಾಗದು. ಕೇರೆ ಇಳಿದು ಇಲಿಯ ಮರಿಗಳನ್ನೂ ನುಂಗುತ್ತದೆ. ಹಸುವಿನ ಕಾಲಿಗೆ ಸುತ್ತಿ ಹಾಲು ಕುಡಿಯುತ್ತದೆ, ನಾಗರಹಾವಿಗೆ ಇದೇ ಗಂಡು ಎಂಬ ಮಾತುಗಳಲ್ಲಿ ಹುರುಳಿಲ್ಲ. ಎಂದಾದರೊಮ್ಮೆ ಒಂದು ಕೋಳಿಮರಿ ಹೋದೀತು, ನಿಜ. ಆದರೆ ವರ್ಷವಿಡೀ ಇಲಿ ತಿನ್ನುವ ಭತ್ತದ ಲೆಕ್ಕವನ್ನೂ ಹಾಕಿ ನೋಡಿ.

ಹಾಗಾದರೆ ಹಿಡಿದು ಸಾಕಬಹುದಲ್ಲ ಎನ್ನುವಿರಾ? ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಕೇರೆ, ನಾಗರ ಎರಡೂ ಮೊದಲನೆಯ ಅನುಸೂಚಿಯಲ್ಲಿವೆ. ಅದಿರಲಿ, ಬುಟ್ಟಿಯಲ್ಲಿ ಕೂತ ಹಾವು ಇಲಿ ಹಿಡಿಯುವುದೆಂತು? ಗದ್ದೆಯ ಬದುವೇ ಅದಕ್ಕೆ ಸರಿಯಾದ ಜಾಗ.

ಇನ್ನು ನಾಯಿಯ ಮಾತು. ಕೇರೆಯನ್ನು ಕೊಂದ ನಾಯಿಯ ಬೆನ್ನು ತಟ್ಟುತ್ತೇವೆ. ಆದರೆ ನಾಯಿಗೆ ಕೇರೆ ಯಾವುದು, ಕೊಳಕುಮಂಡಲ ಯಾವುದು ಎಂಬ ಭೇದ ತಿಳಿಯದು. ಇಂದು ಕೇರೆಯ ಮೇಲೆ ಎರಗಲು ಕಲಿತದ್ದು ನಾಳೆ ಹುಲ್ಲಿನ ಬಣವೆಯ ಬುಡದಲ್ಲಿ ಮಂಡಲದ ಮೇಲೆ ಎರಗುತ್ತದೆ. ಬೆಕ್ಕಿದ್ದರೆ ಹಾವಿನ ಭಯವಿಲ್ಲವೆಂಬುದೂ ಪೂರ್ತಿ ಸರಿಯಲ್ಲ. ಅರೆಜೀವದ ಹಾವನ್ನು ಅದೇ ಒಳಗೆ ತಂದು ಹಾಕುವುದುಂಟು.

ಆದ್ದರಿಂದ ಹೀಗೆ ಮಾಡಿ. ಸೌದೆಯ ರಾಶಿಯ ಮುಂದೆ ನಾಯಿ ಬೊಗಳಿದರೆ ಕೈ ಹಾಕಬೇಡಿ. ನಾಯಿಯನ್ನು ಕಟ್ಟಿ, ಬೆಕ್ಕನ್ನು ಕೋಣೆಯಲ್ಲಿ ಕೂಡಿ, ಹಾವಿಗೆ ಹೊರಡಲು ದಾರಿ ಬಿಡಿ. ಮನೆಯೊಳಗೇ ಉಳಿದರೆ ಅರಣ್ಯ ಇಲಾಖೆಗೆ ತಿಳಿಸಿ. ನಾಯಿ ತಿಂದು ಬಿಟ್ಟ ಅನ್ನ ರಾತ್ರಿ ಅಂಗಳದಲ್ಲಿ ಉಳಿಯಬಾರದು. ಅದು ಇಲಿಯನ್ನು ಕರೆಯುತ್ತದೆ, ಇಲಿ ಹಾವನ್ನು ಕರೆಯುತ್ತದೆ. ಸೌದೆಯನ್ನು ಗೋಡೆಗೆ ಒತ್ತಿ ಒಟ್ಟಬೇಡಿ. ಇಲಿ ಪಾಷಾಣವನ್ನು ಕಂಡಕಂಡಲ್ಲಿ ಇಡಬೇಡಿ. ಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕು, ನಾಯಿ ಸಾಯಬಹುದು. ನಾಯಿಗೆ ಹಾವು ಕಚ್ಚಿದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ಮನುಷ್ಯರಿಗೆ ಕಚ್ಚಿದರಂತೂ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದಿಗೆ ಕಾಯುವುದು ಬೇಡ. ಕಚ್ಚಿದ ಅಂಗವನ್ನು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ನಡೆಯಿರಿ. ವಿಷಕ್ಕೆ ಮದ್ದು ಇರುವುದು ಅಲ್ಲಿಯೇ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ, ಹೆಚ್ಚಿನವರು ಹಳ್ಳಿಯವರೇ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಈ ಸಾವುಗಳಲ್ಲಿ ಕೇರೆಯ ಪಾಲಿಲ್ಲ. ಕೂಲಿ ಕೇಳದೆ ದುಡಿಯುವ ಈ ಜೀವವನ್ನು ಅದರ ಪಾಡಿಗೆ ಬಿಡಿ. ನಿಮ್ಮ ನಾಯಿಯೂ ಉಳಿದೀತು, ಕಣಜದ ಭತ್ತವೂ ಉಳಿದೀತು.