ಜಗಲಿಗೊಂದು ಟೀವಿ, ವೈರ್ ಕೀಳೋಕೆ ಆಯಿ

ಊರಮನೆಗೆ ಟೀವಿ ಕೊಡಿಸೋ ನನ್ನಂಥ ಬೆಂಗಳೂರಿನ ಸಾಫ್ಟ್‌ವೇರ್ ಮಾಣಿಗಳಿಗೆ ಒಂದು ಕಾಯಿಲೆ ಇದೆ. ಟೀವಿ ಒಂದೇ ಸಾಕಾಗೋದಿಲ್ಲ. ಜೊತೆಗೆ ಮಾತು ಕೇಳೋ ಸ್ಪೀಕರು, ಮೊಬೈಲಿಂದ ಉರಿಯೋ ಬಲ್ಬು, ಸ್ಮಾರ್ಟ್ ಪ್ಲಗ್ಗು... ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆ ಜಗಲಿಗೆ ಇದರಲ್ಲಿ ಅರ್ಧಕ್ಕರ್ಧ ಬೇಡ ಅನ್ನೋದು ನನ್ನ ವಾದ. ಇಂಥದ್ದೇ ಕೆಲಸದಲ್ಲಿ ಸಂಬಳ ತಗೊಳ್ಳೋನು ಹೇಳ್ತಿದಾನೆ ಅಂತ ನಗಬೇಡಿ :)

ನಮ್ಮ ಜಿಲ್ಲೆಯಲ್ಲಿ ಕರೆಂಟು ಹುಟ್ಟೋದಕ್ಕೇನೂ ಬರವಿಲ್ಲ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ, ಯಲ್ಲಾಪುರ ತಾಲೂಕಿನ ಕೊಡಸಳ್ಳಿಯಲ್ಲಿ 120 ಮೆಗಾವ್ಯಾಟ್. ಆದ್ರೆ ಮಳೆಗಾಲದ ಗಾಳಿಗೆ ಲೈನ್ ಮೇಲೆ ಒಂದು ಮರ ಬಿತ್ತೋ, ಆ ಮೆಗಾವ್ಯಾಟ್ ಯಾವುದೂ ಜಗಲಿಗೆ ಬರೋದಿಲ್ಲ. ಹಿಂದೆಯೇ ಇಂಟರ್ನೆಟ್ಟೂ ಹೋಗುತ್ತೆ. ಅಗ್ಗದ ವೈಫೈ ಬಲ್ಬುಗಳೋ, ಎಲ್ಲೋ ಇರೋ ಸರ್ವರನ್ನ ಕೇಳಿಕೊಂಡೇ ಮೊಬೈಲಿನ ಮಾತು ಕೇಳೋದು. ದಪ್ಪ ಮಣ್ಣಿನ ಗೋಡೆ ದಾಟಿ ಅಡಿಗೆಮನೆ ಮುಟ್ಟೋಷ್ಟರಲ್ಲಿ ರೂಟರಿನ ಸಿಗ್ನಲ್ಲಿಗೂ ಸುಸ್ತು. ಸ್ಪೀಕರಿನ ವಿಷಯ, ಅದು ನಮ್ಮ ಆಯಿಯ ಹವ್ಯಕ ಕನ್ನಡಕ್ಕೆ 'ಹ್ಞಾಂ' ಅನ್ನೋ ದಿನ ಬಂದಾಗ ನೋಡೋಣ.

ಎಲ್ಲಕ್ಕಿಂತ ದೊಡ್ಡ ವಿಷಯ ಸಿಡಿಲು. ಮೊಬೈಲಲ್ಲೇ ಸ್ಮಾರ್ಟ್ ಪ್ಲಗ್ ಆಫ್ ಮಾಡಿದ್ರೆ ಆಯ್ತಲ್ಲ ಅಂತಾರೆ ಜನ. ಅದರೊಳಗಿರೋದು ಪುಟ್ಟ ರಿಲೇ. ಆಫ್ ಆದಾಗ ನಡುವೆ ಬಿಡೋ ಜಾಗ ಒಂದೆರಡು ಮಿಲಿಮೀಟರ್ ಇದ್ರೆ ಹೆಚ್ಚು. ಸಾಮಾನ್ಯವಾಗಿ ಅದು ಕಡಿಯೋದೂ ಒಂದೇ ತಂತಿಯನ್ನ, ನ್ಯೂಟ್ರಲ್ಲು ಅರ್ಥಿಂಗು ಹಾಗೇ ಜೋಡಿಸಿಕೊಂಡಿರುತ್ತೆ. ಕಿಲೋಮೀಟರ್‌ಗಟ್ಟಲೆ ಗಾಳಿ ಸೀಳಿಕೊಂಡು ಬಂದ ಸಿಡಿಲಿಗೆ ಇದೊಂದು ಲೆಕ್ಕವಾ? ಸಾಲದ್ದಕ್ಕೆ ಡಿಶ್ ಕೇಬಲ್ಲು ಬೇರೆ ದಾರಿ. ಫೈಬರ್ ಆದ್ರೆ ಗಾಜಿನ ಎಳೆ, ಕರೆಂಟು ಹರಿಯೋದಿಲ್ಲ, ನಿಜ. ಅದರ ಡಬ್ಬಿಯ ಅಡಾಪ್ಟರ್ ಮಾತ್ರ ಸಾಕೆಟ್ಟಲ್ಲೇ ಇರುತ್ತೆ.

ಆಯಿಯ ಕ್ರಮವೇ ಸರಿ. ದೂರದಲ್ಲಿ ಸದ್ದಾದ ಕೂಡ್ಲೇ "ಗುಡುಗ್ತಾ ಇದ್ದು ತಮಾ, ಮೊದ್ಲು ವೈರ್ ಕೀಳು" ಅಂತಾಳೆ. ಪ್ಲಗ್ಗು, ಡಿಶ್ ಕೇಬಲ್ಲು ಎರಡೂ ಹೊರಗೆ. ತಲೆ ಮೇಲೆ ಬಂದಮೇಲೆ ತಂತಿ ಮುಟ್ಟೋ ಹಾಗಿಲ್ಲ.

ಹಾಗಾಗಿ ಟೀವಿ ಅಂಗಡಿಯಲ್ಲಿ ನಾನು ಮೊದಲು ನೋಡೋದು ಪಿಕ್ಚರ್ ಅಲ್ಲ, ಹಿಂಬದಿ. ಚೀಟಿಯಲ್ಲಿ 100-240 ವೋಲ್ಟ್ ಅಂತಿದ್ರೆ ಸಂಜೆಯ ಡಿಮ್ ಕರೆಂಟಲ್ಲೂ ನಡೆಯುತ್ತೆ. 43 ಇಂಚಿನ ಸಾಧಾರಣ ಎಲ್ಇಡಿ ಟೀವಿ ನೂರು ವ್ಯಾಟಿನ ಆಸುಪಾಸು, ಇನ್ವರ್ಟರ್ ತಡೆಯುತ್ತೆ. ಗೋಡೆಗೆ ಅಂಟಿಸಿ ಸಾಕೆಟ್ಟನ್ನ ಹಿಂದೆ ಬಚ್ಚಿಡೋ ಫಿಟ್ಟಿಂಗ್ ಬೇಡವೇ ಬೇಡ, ಆಯಿಯ ಕೈಗೆ ಎಟುಕಬೇಕು. ಅಪ್ಪಯ್ಯಂಗೆ ಚಂದನ ಹಾಕ್ಕೊಳ್ಳೋಕೆ ಅಂಕಿ ಇರೋ ರಿಮೋಟು ಬೇಕು. ಈಗಿನ ಎಷ್ಟೋ ಸ್ಮಾರ್ಟ್ ಟೀವಿಗಳ ರಿಮೋಟಲ್ಲಿ ಸಿನಿಮಾ ಕಂಪನಿಗಳ ಬಟನ್ ಇರುತ್ತೆ, ಒಂದು ಎರಡು ಮೂರು ಇರೋದಿಲ್ಲ!

ಸ್ಪೀಕರು, ಬಲ್ಬಿನ ದುಡ್ಡು ಉಳೀತಲ್ಲ, ಅದರಲ್ಲಿ ಅರ್ಥಿಂಗ್ ಸರಿ ಮಾಡಿಸಿ, ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅರ್ಥಿಂಗ್ ಇಲ್ಲದೆ ಅದು ಹಾಕಿಯೂ ಉಪಯೋಗ ಇಲ್ಲ. ಇನ್ನೂ ಸ್ಮಾರ್ಟ್ ಅನ್ನೋದು ಏನಾದ್ರೂ ಬೇಕೇಬೇಕು ಅನ್ಸಿದ್ರೆ ತೋಟದ ಪಂಪಿಗೆ ಸಿಮ್ ಹಾಕೋ ಸ್ಟಾರ್ಟರ್ ಕೊಡಿಸಿ. ಜಗಲಿಯಲ್ಲಿ ಕವಳ ಹಾಕ್ತಾ ಫೋನ್ ಮಾಡಿದ್ರೆ ಮೋಟರ್ ಶುರು.

ನಿಮ್ಮೂರ ಕಡೆ ಈ ವರ್ಷ ಸಿಡಿಲಿಗೆ ಏನೇನು ಹೋಯ್ತು?