ಮಕ್ಕಳೇ ಹಾಡು ಕಟ್ಟಲಿ

ಪ್ರತಿಭಾ ಕಾರಂಜಿಯಲ್ಲಿ ದೇಶಭಕ್ತಿ ಗೀತೆ ಎಂದೊಡನೆ ಮಕ್ಕಳು ಹಿಮಾಲಯವನ್ನೋ ಗಂಗೆಯನ್ನೋ ಹಾಡುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಮಗುವೊಂದು ಅರ್ಕಾವತಿಯನ್ನು ಹಾಡಿದ್ದನ್ನು ನಾನಂತೂ ಕೇಳಿಲ್ಲ. ಕಂಠ ಮಗುವಿನದು, ಮಾತು ಬೇರೆಯವರದು. ಹಾಡು ಕಟ್ಟುವ ಸ್ಪರ್ಧೆಯೂ ಬೇಕೆಂಬುದು ನನ್ನ ಬಿನ್ನಹ.

ಶರಣರು ಮಾಡಿದ್ದೂ ಅದನ್ನೇ. ಅಂಬಿಗರ ಚೌಡಯ್ಯನವರು ದೋಣಿಯ ಮಾತಿನಲ್ಲಿ, ಆಯ್ದಕ್ಕಿ ಲಕ್ಕಮ್ಮನವರು ಅಕ್ಕಿಯ ಮಾತಿನಲ್ಲಿ ಅನುಭಾವ ಹೇಳಿದರು. ನಾವೋ ಆ ವಚನಗಳನ್ನೂ ಬಾಯಿಪಾಠ ಮಾಡಿಸಿ ಬಹುಮಾನ ಹಂಚುತ್ತೇವೆ. ನಮ್ಮ ಮಠದ ಶಾಲೆಗಳೂ ಇದಕ್ಕೆ ಹೊರತಲ್ಲ.

ರಾಮನಗರದ ಮಾರುಕಟ್ಟೆಗೆ ಗೂಡು ತರುವವನು ರೈತ. ಅದರ ನೂಲು ಬಿಚ್ಚುವವರಲ್ಲಿ ಮುಸ್ಲಿಮರು ಬಹಳ. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯದು. ಆ ರೀಲರ್ ಮನೆಯ ಹುಡುಗಿ ‘ನನ್ನ ನಾಡು’ ಎಂದು ಬರೆದು ಹಾಡಿದರೆ, ನಮ್ಮವಳೆಂದು ಕಿವಿಗೊಡುತ್ತೇವೆಯೇ? 2024ರಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿದಾಗ ಸಂಭ್ರಮಿಸಿದ ನಾವು ಈ ಪ್ರಶ್ನೆಗೂ ಉತ್ತರಿಸಬೇಕು.

ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಶಿವಕುಮಾರ ಸ್ವಾಮೀಜಿಯವರು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. ಮೊದಲ ಸ್ಪರ್ಧೆ ಅಲ್ಲೇ ನಡೆಯಲಿ, ಸರ್ಕಾರಿ ಶಾಲೆ, ಉರ್ದು ಶಾಲೆಗಳಿಗೂ ಕರೆ ಹೋಗಲಿ. ಖರ್ಚನ್ನು ಮಠಗಳು ಹೊರಲಿ.